ಅಳಿಲಿನ ಬಾಲದ ಹಳದಿ ದಾರ

ಹತ್ತಿರ ಬನ್ನಿ ಮಕ್ಕಳೇ, ಅಲ್ಲಾಡದೆ ಕೂತ್ಕೊಳ್ಳಿ. ಅಲ್ಲಾಡೋದಕ್ಕೆ ಕಥೆಯಲ್ಲೇ ಒಬ್ಬಳಿದ್ದಾಳೆ.

ಒಂದು ಕಾಡಿನ ರಾಜ್ಯ. ಅಲ್ಲಿ ಚಿಗಳಿ ಅನ್ನೋ ಅಳಿಲು ಇದ್ದಳು. ಗುಡ್ಡದ ಬುಡದಲ್ಲಿ ಆಮೆಜ್ಜಿಯ ಪಾಠಶಾಲೆ. ಯಾವ ಬೇರು ಜ್ವರಕ್ಕೆ, ಯಾವ ಬೇರು ವಿಷಕ್ಕೆ, ಅದೇ ಅಲ್ಲಿನ ವಿದ್ಯೆ. ಪರೀಕ್ಷೆ ಮುಗಿದ ಮೇಲೆ ಆಮೆಜ್ಜಿ ಬಾಲಕ್ಕೆ ದಾರ ಕಟ್ಟುತ್ತಿದ್ದಳು. ಚೆನ್ನಾಗಿ ಕಲಿತವರಿಗೆ ಕೆಂಪು. ಸುಮಾರಾಗಿ ಕಲಿತವರಿಗೆ ಹಳದಿ. ಏನೂ ಕಲಿಯದವರ ಬಾಲ ಬೋಳು. ಹಳದಿ ದಾರದವರೂ ಮದ್ದು ಕೊಡಬಹುದಿತ್ತು. ಬೇಡ ಅಂದರೆ ದಾರ ಬಿಚ್ಚಿಟ್ಟು, ಚಿಕ್ಕ ಮರಿಗಳ ಜೊತೆ ಮೊದಲಿನಿಂದ ಪಾಠಕ್ಕೆ ಕೂರಬಹುದಿತ್ತು. ಆದರೆ ಬಿಚ್ಚಿದ ದಾರ ವಾಪಸ್ ಸಿಗೋದಿಲ್ಲ. ಎರಡನೇ ಸಲ ಬೋಳಾದರೆ ಬೋಳೇ.

ಚಿಗಳಿಗೆ ಹಳದಿ ಬಂತು.

ವಿಷ ಇಳಿಸೋ ಬೇರು ಯಾವುದು ಅಂತ ಆಮೆಜ್ಜಿ ಮೂರು ಬೇರು ಇಟ್ಟಿದ್ದಳು. ಮೂರಕ್ಕೂ ಒಂದೇ ಬಣ್ಣ, ಒಂದೇ ದಪ್ಪ. ಚಿಗಳಿ ಕಣ್ಣು ಮುಚ್ಚಿ ಒಂದನ್ನು ಮುಟ್ಟಿದ್ದಳು. ತಪ್ಪಾಗಿತ್ತು. ಸರಿಯಾದದ್ದು ಯಾವುದು ಅಂತ ಆಮೆಜ್ಜಿ ಪಾಠದಲ್ಲಿ ಹೇಳುತ್ತಿದ್ದಳೇ ಹೊರತು ಪರೀಕ್ಷೆ ಮುಗಿದ ಮೇಲೆ ಹೇಳುತ್ತಿರಲಿಲ್ಲ.

ಗುಡ್ಡದ ಮೇಲೆ ಚಿಗಳಿಯ ಅಕ್ಕ ಆಗಷ್ಟೇ ಮರಿ ಹಾಕಿದ್ದಳು. ಅಲ್ಲಿ ಮಂಡಲಯ್ಯ ಅನ್ನೋ ಹಾವಿನ ಕಾಟ. ಕಚ್ಚಿ ಬಿಡೋದು, ಸಾಯೋವರೆಗೆ ಕಾಯೋದು, ಆಮೇಲೆ ನುಂಗೋದು ಅವನ ಪದ್ಧತಿ. ಗುಡ್ಡಕ್ಕೆ ಬೇರೆ ವೈದ್ಯರೇ ಇಲ್ಲ. ಈಗಲೇ ಹೋದರೆ ತಪ್ಪು ಬೇರು ಕೊಟ್ಟೇನೋ? ಮತ್ತೆ ಪಾಠಕ್ಕೆ ಕೂತರೆ ಮರಿಗಳಿಗೆ ಯಾರು ಗತಿ? ಚಿಗಳಿ ಮರ ಹತ್ತಿದಳು, ಮರ ಇಳಿದಳು. ಬಾಲ ನಿಲ್ಲಲಿಲ್ಲ.

ಏನು ಮಾಡಲಿ ಅಂತ ಮೈನಾ ಹಕ್ಕಿಯನ್ನು ಕೇಳಿದಳು.

"ಹಳದಿನೂ ದಾರಾನೇ ಕಣೇ. ಹೋಗು, ಮದ್ದು ಕೊಡು."

ಮರ ಹತ್ತಿದಳು, ಮರ ಇಳಿದಳು. ಎಮ್ಮೆಯನ್ನು ಕೇಳಿದಳು.

"ಥೂ, ಹಳದಿನಾ? ನಾಲ್ಕು ಜನರ ಮುಂದೆ ಬಾಲ ಎತ್ತೋದು ಹೇಗೆ? ಮತ್ತೆ ಕೂರು."

ಮರ ಹತ್ತಿದಳು, ಮರ ಇಳಿದಳು. ಇಬ್ಬರೂ ಬಣ್ಣದ ಮಾತಾಡಿದರು. ಬೇರಿನ ಮಾತು ಯಾರೂ ಎತ್ತಲಿಲ್ಲ.

ಮೂರನೆಯವನನ್ನು ಅವಳು ಕೇಳಲಿಲ್ಲ, ಅವನೇ ಬಂದ. ಮಂಡಲಯ್ಯ!

"ಆಹಾ, ಎಂಥಾ ದಾರ ಮಗಳೇ! ನಿನಗೆ ಇನ್ಯಾಕೆ ಪಾಠ? ಇವತ್ತೇ ಗುಡ್ಡಕ್ಕೆ ಬಾ."

ಚಿಗಳಿ ಮರದ ಮೇಲೇ ಕೂತು ಯೋಚಿಸಿದಳು. ನಾನು ವೈದ್ಯೆಯಾದರೆ ಇವನಿಗೆ ಹಸಿವೇ ಗತಿ. ಆದರೂ ಯಾಕಿಷ್ಟು ಖುಷಿ? ಓ, ಸರಿಯಾದ ಬೇರು ನನಗೆ ಗೊತ್ತಿಲ್ಲ, ಇವನಿಗೆ ಗೊತ್ತು!

"ಬರ್ತೀನಿ ಮಾವ," ಅಂದಳು. "ಇಷ್ಟು ಹೊಗಳಿದಿರಿ, ನಿಮ್ಮ ಹುತ್ತಕ್ಕೆ ಒಂದು ಬೇರಿನ ಧೂಪ ಹಾಕ್ತೀನಿ. ಮೈಗೆ ಒಳ್ಳೇದು. ಯಾವುದು ಹಾಕಲಿ, ನೀವೇ ಆರಿಸಿ."

ಪರೀಕ್ಷೆಯಲ್ಲಿದ್ದ ಮೂರು ಗಿಡಗಳ ಬೇರನ್ನೂ ಅಗೆದು ತಂದು ಅವಳು ಜೊತೆಗಿಟ್ಟುಕೊಂಡಿದ್ದಳು. ಮೊದಲ ಬೇರು ಎಸೆದಳು. ಮಂಡಲಯ್ಯ ಆಕಳಿಸಿದ. ಎರಡನೆಯದು ಎಸೆದಳು. ಅದರ ಮೇಲೇ ತಲೆಯಿಟ್ಟು ಮಲಗಿದ. ಮೂರನೆಯದು ಬಿತ್ತು ನೋಡಿ, ಬುಸ್ಸೆಂದು ಹಿಂದಕ್ಕೆ ಹಾರಿದ!

"ಅದು ಬೇಡ! ಅದು ಮಾತ್ರ ಬೇಡ!"

"ಅದೇ ಬೇಕಾಗಿತ್ತು ಮಾವ," ಅಂದಳು ಚಿಗಳಿ.

ಆ ಬೇರನ್ನೇ ಹೊರೆಗಟ್ಟಲೆ ಅಗೆದು ಅಕ್ಕನ ಪೊಟರೆಗೆ ತುಂಬಿದಳು, ತೇಯೋದು ಹೇಗೆ ಅಂತ ಅಕ್ಕನಿಗೆ ತೋರಿಸಿದಳು. ಮಂಡಲಯ್ಯ ಕಚ್ಚಿದ, ಕಾದ. ಸತ್ತವರು ಯಾರೂ ಇಲ್ಲ. ಹೊಟ್ಟೆ ಬೆನ್ನಿಗಂಟಿ ಗುಡ್ಡ ಬಿಟ್ಟೇ ಹೋದ.

ಆಮೇಲೆ ಚಿಗಳಿ ಏನು ಮಾಡಿದಳು ಗೊತ್ತಾ? ಹಳದಿ ದಾರ ಬಿಚ್ಚಿ ಆಮೆಜ್ಜಿಯ ಮುಂದಿಟ್ಟಳು.

"ಬೇರು ಗೊತ್ತಾಯ್ತಲ್ಲೇ, ಮತ್ಯಾಕೆ?"

"ಅದೊಂದು ಗೊತ್ತಾಯ್ತು ಅಜ್ಜಿ. ಮಿಕ್ಕಿದ್ದನ್ನೂ ಹಾವನ್ನೇ ಕೇಳಕ್ಕಾಗುತ್ತಾ?"

ಚಿಕ್ಕ ಮರಿಗಳು ಕಿಸಕ್ಕನೆ ನಕ್ಕವು. ಇಷ್ಟು ದೊಡ್ಡವಳು ನಮ್ಮ ಜೊತೆಗಾ ಅಂತ. ಚಿಗಳಿಗೆ ನಾಚಿಕೆಯಾಯಿತು, ಭಯವೂ ಆಯಿತು. ಆದರೂ ಅವುಗಳ ನಡುವೆ ಜಾಗ ಮಾಡಿಕೊಂಡು ಕೂತಳು. ಬಾಲ ನಿಂತಿತು.

ಎರಡನೇ ಸಲ ಯಾವ ಬಣ್ಣ ಬಂತು ಅಂತೀರಾ? ಗುಡ್ಡದಲ್ಲಿ ಯಾರೂ ಕೇಳಲಿಲ್ಲ, ನೀವೂ ಕೇಳಬೇಡಿ. ಇಷ್ಟು ನೆನಪಿಡಿ: ಮತ್ತೆ ಕಲಿಯಬೇಕೋ ಬೇಡವೋ ಅಂತ ದಾರದ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ನಿಮಗೆ ಗೊತ್ತಿಲ್ಲದ್ದರಿಂದ ಯಾರ ಜೀವ ಹೋಗುತ್ತೆ, ಯಾರ ಹೊಟ್ಟೆ ತುಂಬುತ್ತೆ, ಅದನ್ನು ನೋಡಿ.