ಓಬಯ್ಯ ಹೌದು-ಇಲ್ಲ ಕೇಳಲು ಹೋದದ್ದು

ಹೊಸಮಂಟಿಯ ದುಗ್ಗಮ್ಮನಿಗೆ ಒಬ್ಬನೇ ಮಗ, ಓಬಯ್ಯ. ಏಳನೇ ಕ್ಲಾಸು ಓದಿದ್ದ, ಮೈಯಲ್ಲಿ ಕಸುವಿತ್ತು. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತೊಂದರೆ. ಬಾಗಿಲು ನೋಡಿಕೋ ಅಂತ ಹೇಳಿ ತಾಯಿ ಕೂಲಿಗೆ ಹೋದರೆ ಸಂಜೆವರೆಗೂ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದ. ಹಿತ್ತಿಲಿಂದ ನಾಯಿ ಬಂದು ಮುದ್ದೆ ತಿಂದು ಹೋಗಿರುತ್ತಿತ್ತು. ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿಯೇನು ಅಂತ ದುಗ್ಗಮ್ಮ ಒಲೆ ಮುಂದೆ ಕೂತು ಅಳುತ್ತಿದ್ದಳು.

ಹೀಗಿರುವಾಗ ಪಟ್ಟಣದ ಕಾಲೇಜಿನಿಂದ ಶಾಂಭವಿ ಮೇಡಂ ಬಂದರು. ಜನರ ಮನಸ್ಸಿನ ಚಿಂತೆ, ಸಿಟ್ಟು ತಿಳಿಯೋಕೆ ಅವರು ಒಂದಷ್ಟು ಪ್ರಶ್ನೆ ಬರೆದುಕೊಂಡಿದ್ದರು. ಒಂದೊಂದಕ್ಕೂ ಹೌದು ಅಥವಾ ಇಲ್ಲ ಅಂದರೆ ಸಾಕು. ಆ ಪ್ರಶ್ನೆಗಳನ್ನು ಎಷ್ಟು ನಂಬಬಹುದು ಅಂತ ಪರೀಕ್ಷೆ ಮಾಡಬೇಕಿತ್ತು. ಮನೆಮನೆಗೆ ಹೋಗಿ ಕೇಳಿ ಬರಲು ಊರಿನವನೊಬ್ಬ ಬೇಕು ಅಂದಾಗ ದುಗ್ಗಮ್ಮ ಕೈ ಮುಗಿದು ಮಗನನ್ನು ಮುಂದೆ ತಳ್ಳಿದಳು.

ಹೌದು, ಇಲ್ಲ, ಇವೆರಡು ಬಿಟ್ಟು ಬೇರೆ ಉತ್ತರ ತರಬೇಡ ಅಂತ ಮೇಡಂ ಹೇಳಿ ಕಳಿಸಿದರು. ಓಬಯ್ಯ ಪಾಲಣ್ಣನ ಮನೆಗೆ ಹೋದ. ಎತ್ತು ಕಳೆದುಹೋಗಿ ಪಾಲಣ್ಣ ಅಳುತ್ತ ಕೂತಿದ್ದ. ಅಳು ಬರ್ತದಾ ಅಂದ ಓಬಯ್ಯ. ಹೌದು ಅಂದ ಪಾಲಣ್ಣ. ನಿದ್ದೆ ಬರ್ತದಾ ಅಂದ. "ಒಂದೊಂದು ದಿನ" ಅಂದ ಪಾಲಣ್ಣ. ಓಬಯ್ಯ ಜಗಲಿ ಬಿಟ್ಟು ಏಳಲಿಲ್ಲ. ಎತ್ತು ಹುಡುಕಲು ಹೊರಟವನ ಪಂಚೆ ಹಿಡಿದು ಕೂತ. ಸಾಕಾಗಿ ಪಾಲಣ್ಣ ಇಲ್ಲ ಅಂದ.

ಮೇಡಂ ಬೈದರು. ಒತ್ತಾಯ ಮಾಡಬಾರದು, ಸ್ವಲ್ಪ ದಿನ ಬಿಟ್ಟು ಅದೇ ಪ್ರಶ್ನೆ ಮತ್ತೆ ಕೇಳು, ಪ್ರಶ್ನೆ ಸರಿಯಿದ್ದರೆ ಆಗಲೂ ಮೊದಲಿನ ಉತ್ತರವೇ ಬರಬೇಕು ಅಂದರು.

ಬರಬೇಕು ಅಂದಮೇಲೆ ಬರಬೇಕಲ್ಲ? ದಿನ ಕಳೆದ ಮೇಲೆ ಓಬಯ್ಯ ಮನೆಮನೆಗೂ ಹೋಗಿ, ಹೋದ ಸಲ ಹೀಗಂದಿದ್ರಿ, ಈ ಸಲವೂ ಹಾಗೇ ಅಂದುಬಿಡಿ ಅಂತ ಹೇಳಿಕೊಟ್ಟ. ಎಲ್ಲರೂ ಹಾಗೇ ಅಂದರು. ಮೇಡಂ ಮೊದಲು ಹಿಗ್ಗಿದರು, ವಿಷಯ ತಿಳಿದು ತಲೆ ಮೇಲೆ ಕೈ ಹೊತ್ತರು. ಹಳೇ ಉತ್ತರ ಹೇಳಿಕೊಡಬಾರದು, ಮೊದಲ ಸಲ ಜನ ಯಾವ ಸ್ಥಿತಿಯಲ್ಲಿದ್ದರೋ ಎರಡನೇ ಸಲವೂ ಅದೇ ಸ್ಥಿತಿಯಲ್ಲಿರಬೇಕು ಅಂದರು.

ಅಷ್ಟರಲ್ಲಿ ಪಾಲಣ್ಣನ ಎತ್ತು ಸಿಕ್ಕಿತ್ತು. ಅವನು ನಗುತ್ತ ಅದರ ಮೈ ತೊಳೆಯುತ್ತಿದ್ದ. ಇದು ಅದೇ ಸ್ಥಿತಿ ಅಲ್ಲ ಅಂದುಕೊಂಡ ಓಬಯ್ಯ. ಪಾಲಣ್ಣ ಊಟಕ್ಕೆ ಒಳಗೆ ಹೋದಾಗ ಎತ್ತನ್ನು ಬಿಚ್ಚಿ ಗುಡ್ಡದಾಚೆ ಅಟ್ಟಿ ಬಂದ. ಪಾಲಣ್ಣ ಅಳುವುದಕ್ಕೆ ಶುರು ಮಾಡಿದ ಮೇಲೆ ಎದುರಿಗೆ ಕೂತು ಕೇಳಿದ, ಅಳು ಬರ್ತದಾ ಅಂತ.

ಪೆಟ್ಟು ಬಿದ್ದವು. ದುಗ್ಗಮ್ಮ ಗುಡ್ಡ ಸುತ್ತಿ ಎತ್ತು ಹೊಡೆದುಕೊಂಡು ಬಂದು ಪಾಲಣ್ಣನ ಕಾಲು ಹಿಡಿದಳು. ಆಮೇಲೆ ಮಗನ ಕಿವಿ ಹಿಂಡಿ, "ಈ ಕೆಲಸವೂ ಹೋದರೆ ನಿನಗೆ ಅನ್ನ ಹಾಕೋರು ಯಾರೋ?" ಅಂದಳು. ಮೇಡಂ ಅವಳ ಮುಖ ನೋಡಿ ಇನ್ನೊಂದೇ ಅವಕಾಶ ಕೊಟ್ಟರು. ಎರಡೆರಡು ಸಲ ಹೋಗುವುದೇ ಬೇಡ, ಒಂದೇ ಸಲ ಕೇಳು, ಪ್ರಶ್ನೆಗಳನ್ನು ಅರ್ಧ ಅರ್ಧ ಮಾಡು, ಎರಡು ಅರ್ಧದ ಉತ್ತರವೂ ಒಂದಕ್ಕೊಂದು ಒಪ್ಪಬೇಕು ಅಂದರು. ದುಗ್ಗಮ್ಮ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಸಿದಳು.

ಕಾಟಪ್ಪ, ಮಾರಕ್ಕ ಗಂಡ ಹೆಂಡತಿ. ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಓಬಯ್ಯ ಅರ್ಧ ಪ್ರಶ್ನೆ ಜಗಲಿಯಲ್ಲಿ ಗಂಡನಿಗೆ ಕೇಳಿದ, ಅರ್ಧ ಅಡಿಗೆಮನೆಯಲ್ಲಿ ಹೆಂಡತಿಗೆ ಕೇಳಿದ. ಸಿಟ್ಟು ಬರ್ತದಾ ಅಂದರೆ ಕಾಟಪ್ಪ ಇಲ್ಲ ಅಂದ. ಮನೆಯಲ್ಲಿ ಜಗಳ ಇದೆಯಾ ಅಂದರೆ ಮಾರಕ್ಕ ಹೌದು ಅಂದಳು. ಓಬಯ್ಯ ಹೊಸಿಲ ಮೇಲೆ ಕೂತ.

"ಎರಡು ಅರ್ಧವೂ ಒಪ್ಪಬೇಕು. ನೀವಿಬ್ಬರೂ ಒಪ್ಪೋ ತನಕ ನಾನು ಏಳಲ್ಲ."

ಗಂಡ ಅಂದದ್ದನ್ನು ಹೆಂಡತಿಗೆ ಹೇಳಿದ, ಹೆಂಡತಿ ಅಂದದ್ದನ್ನು ಗಂಡನಿಗೆ ಹೇಳಿದ. ಮಾರಕ್ಕ ಸೌಟು ಹಿಡಿದು ಹೊರಗೆ ಬಂದಳು, ಕಾಟಪ್ಪ ಎದ್ದು ನಿಂತ. ಹಳೇದೆಲ್ಲ ಹೊರಗೆ ಬಂತು. ನಡುವೆ ಕೂತ ಓಬಯ್ಯ ಒಪ್ಪಿ, ಒಪ್ಪಿ ಅನ್ನುತ್ತಲೇ ಇದ್ದ. ಕೊನೆಗೆ ಕಾಟಪ್ಪ ಹೆಂಡತಿಯ ಕಡೆ ತಿರುಗಿ ಮೆತ್ತಗೆ ಕೇಳಿದ.

"ಇವನನ್ನ ತಿಪ್ಪೆಗೆ ಹಾಕೋಣ್ವಾ?"

"ಹೌದು" ಅಂದಳು ಮಾರಕ್ಕ.

ಅವನು ತಲೆ ಹಿಡಿದ, ಅವಳು ಕಾಲು ಹಿಡಿದಳು. ಹಾಕಿಬಂದು ಇಬ್ಬರೂ ಜಗಲಿ ಮೇಲೆ ಪಕ್ಕಪಕ್ಕ ಕೂತು ಸುಧಾರಿಸಿಕೊಂಡರು.

ಓಬಯ್ಯ ಸಗಣಿ ಒರೆಸಿಕೊಂಡು ಮೇಡಂ ಹತ್ತಿರ ಓಡಿದ. ಎರಡು ಅರ್ಧವೂ ಒಪ್ಪೋ ಪ್ರಶ್ನೆ ಕೊನೆಗೂ ಸಿಕ್ಕಿತು, ಇನ್ನು ಊರಿಗೆಲ್ಲ ಅದೊಂದನ್ನೇ ಕೇಳ್ತೀನಿ ಅಂದ. ಅವರು ಬಾಯಿ ತೆರೆಯುವ ಮೊದಲೇ ಹೊರಟುಹೋದ. ಸುದ್ದಿ ಕೇಳಿ ದುಗ್ಗಮ್ಮ ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡಿದಳು. ಅವಳು ಮುಟ್ಟುವ ಹೊತ್ತಿಗೆ ಮೊದಲ ಮನೆಯವರು ಹೌದು ಅಂದು, ಅವನ ಕೈಕಾಲು ಹಿಡಿದು ಎತ್ತಿಯೂ ಆಗಿತ್ತು. ಪಕ್ಕದ ಮನೆಯವರು ತಮ್ಮ ಸರದಿಗೆ ಕಾಯುತ್ತಿದ್ದರು.