ಮರಳಿನಲ್ಲಿ ಹೂತ ಜೀಪು

ಗದಗಿನ ಮುರಿಗೆಪ್ಪ ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಅಷ್ಟೂ ವರ್ಷದಲ್ಲಿ ಒಂದು ಕೋಳಿಯ ಮೇಲೂ ಗಾಲಿ ಹಾಯಿಸಿದವನಲ್ಲ. ಆ ಹೆಮ್ಮೆ ಅವನಿಗೆ ಬಹಳ ಇತ್ತು.

ಒಂದು ದಿನ ಹೆಂಡತಿ ನೀಲವ್ವ, "ಮಂದೀನೆಲ್ಲಾ ಊರೂರಿಗೆ ಮುಟ್ಟಿಸಿದ್ರಿ. ನನ್ನೂ ಒಮ್ಮೆ ಎಲ್ಲಿಗರೆ ಕರಕೊಂಡು ಹೋಗ್ರಿ" ಅಂದಳು.

"ಎಲ್ಲಿಗೆ ಹೋಗೂಣು, ಹೇಳು."

"ಮರಳುಗಾಡು ನೋಡಬೇಕು ಅಂತ ಭಾಳ ಆಸೆ ಐತ್ರಿ."

ಮುರಿಗೆಪ್ಪ ಹಳೆಯದೊಂದು ಜೀಪು ಕೊಂಡ. ಚಳಿಗಾಲದಲ್ಲಿ ಹೋಗಿ ಎಂದು ಗೆಳೆಯರು ಹೇಳಿದರು. "ಗದಗಿನ ಬಿಸಲು ಕಂಡವ್ರಿಗೆ ಅದ್ಯಾವ ಬಿಸಲೋ" ಎಂದು ನಕ್ಕು, ಏಪ್ರಿಲ್‌ನಲ್ಲೇ ರಾಜಸ್ಥಾನದ ದಾರಿ ಹಿಡಿದ.

ಮರಳುಗಾಡಿನ ಅಂಚಿನ ಕೊನೆಯ ಹಳ್ಳಿಯಲ್ಲಿ ಲಾಧೂರಾಮ ಎಂಬ ಒಂಟೆ ಸಾಕುವ ಮುದುಕ ಬಾವಿಯ ಬಳಿ ಕೂತಿದ್ದ. ಮರಳಿನ ನಡುವೆ ಒಂದು ಪಾಳುಕೋಟೆ ಇದೆಯೆಂದು ಕೇಳಿ ಗಂಡ ಹೆಂಡತಿ ಅದನ್ನು ನೋಡಲು ಹೊರಟಿದ್ದರು. ಮುದುಕ ಎದ್ದು ಬಂದು ಜೀಪಿನೊಳಗೆ ಇಣುಕಿದ.

"ನೀರು ಎಷ್ಟಿದೆ, ಭಾಯಿ?" ಎಂದು ಹಿಂದಿಯಲ್ಲಿ ಕೇಳಿದ.

"ಎರಡು ಬಾಟಲಿ. ಊಟದ ಹೊತ್ತಿಗೆ ವಾಪಸ್ ಬರ್ತೀವಿ."

"ಸಾಲದು. ತಲೆಗೆ ಹತ್ತು ಲೀಟರ್ ಬೇಕು. ಟೈರಿನ ಗಾಳಿ ಸ್ವಲ್ಪ ಇಳಿಸು. ಯಾವ ಕಡೆ ಹೋಗ್ತೀಯ ಅಂತ ನನಗೆ ಹೇಳು. ಗಾಡಿ ನಿಂತರೆ ಮಾತ್ರ ಅದನ್ನು ಬಿಟ್ಟು ಕದಲಬೇಡ."

ನೀಲವ್ವನಿಗೆ ಅಷ್ಟಿಷ್ಟು ಹಿಂದಿ ತಿಳಿಯುತ್ತಿತ್ತು. "ಏನ್ರೀ, ಹಿಂದ ಖಾಲಿ ಕ್ಯಾನ್ ಐತಲ್ಲ, ತುಂಬಿಸಿಕೊಳ್ಳೂಣ್ರಿ" ಅಂದಳು.

ಬಾವಿ ಆಳ. ಸೇದಿ ತುಂಬಿಸಲು ಅರ್ಧ ಗಂಟೆ ಬೇಕು. ಅದಕ್ಕಿಂತ ಹೆಚ್ಚಾಗಿ, ಒಂಟೆ ಕಾಯುವವನು ತನಗೆ ಗಾಡಿಯ ಪಾಠ ಹೇಳಿದ್ದು ಮುರಿಗೆಪ್ಪನಿಗೆ ಸೇರಲಿಲ್ಲ. "ಮೂವತ್ತೆರಡು ವರ್ಷ ಗಾಡಿ ಹೊಡದೀನಿ, ಸುಮ್ನ ಕೂಡು" ಎಂದ. ಯಾವ ಕಡೆ ಎಂಬುದನ್ನೂ ಹೇಳದೆ ಹೊರಟುಬಿಟ್ಟ.

ಹನ್ನೊಂದು ಗಂಟೆಗೆ ಜೀಪು ಮರಳಿನಲ್ಲಿ ಹೂತಿತು. ಅವನು ಆಕ್ಸಿಲರೇಟರ್ ಒತ್ತಿದಷ್ಟೂ ಗಾಲಿಗಳು ಕೆಳಗಿಳಿದವು. ಕೈಯಿಂದ ಮರಳು ಗೋರಿದ. ಗೋರಿದಷ್ಟೂ ಜಾರಿ ಬಂತು. ಫೋನಿಗೆ ಸಿಗ್ನಲ್ ಇರಲಿಲ್ಲ. ಒಂದು ಬಾಟಲಿ ಆಗಲೇ ಮುಗಿದಿತ್ತು.

"ಜೀಪಿನ ನೆರಳಾಗ ಕೂಡೂಣ್ರಿ. ಆ ಅಜ್ಜ ಹಂಗ ಹೇಳ್ಯಾನಲ್ಲ" ಎಂದಳು ನೀಲವ್ವ.

"ಕೂತ್ರ ಯಾರ ಬರ್ತಾರ? ನಾವು ಎಲ್ಲಿ ಅದೀವಿ ಅಂತ ಯಾರಿಗೆ ಗೊತ್ತೈತಿ?" ಎಂದ ಮುರಿಗೆಪ್ಪ. ಹಾಗೆನ್ನುವಾಗಲೇ ಅವನಿಗೆ ಹೊಳೆಯಿತು. ಹೇಳದೆ ಬಂದವನು ತಾನೇ ಅಲ್ಲವೇ? ಆ ಭಯವೇ ಅವನನ್ನು ಕೂರಗೊಡಲಿಲ್ಲ. ಹೆಂಡತಿಯ ಕೈ ಹಿಡಿದು ನಡೆಯತೊಡಗಿದ.

ಒಂದು ದಿಬ್ಬ ಏರಿದರೆ ಅಂಥದ್ದೇ ಇನ್ನೊಂದು. ಎರಡನೆಯ ಬಾಟಲಿಯೂ ಬರಿದಾಯಿತು. ನೀಲವ್ವನ ಮೈ ಬೆವರುವುದನ್ನೇ ಬಿಟ್ಟಿತು, ಕಾದ ಹಂಚಿನಂತಾಯಿತು. ಅವಳು ಏನೇನೋ ಬಡಬಡಿಸತೊಡಗಿದಳು. ಊರಲ್ಲಿದ್ದ ಮಗಳನ್ನು ಕರೆದಳು, ಒಲೆ ಆರಿಸು ಎಂದಳು. ಮುರಿಗೆಪ್ಪ ಒಂದು ಮುಳ್ಳುಗಿಡದ ಬುಡದಲ್ಲಿ ಅವಳನ್ನು ಮಲಗಿಸಿ ತನ್ನ ಅಂಗಿಯನ್ನು ಅವಳ ಮುಖಕ್ಕೆ ನೆರಳಾಗಿ ಹಿಡಿದ. ಅವಳು ಕಣ್ಣು ತೆರೆದು, "ನೀರರೆ..." ಎಂದಳು. ಅವನ ಬಾಯಲ್ಲಿ ಎಂಜಲೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಅದನ್ನೂ ಕೇಳಲಿಲ್ಲ.

ಹೊತ್ತು ಮುಳುಗುವಾಗ ಒಂಟೆಯ ಮೇಲೆ ಲಾಧೂರಾಮ ಬಂದ. ಚರ್ಮದ ಚೀಲದಿಂದ ಮೊದಲು ನೀಲವ್ವನ ತುಟಿಗೆ ನೀರು ಬಿಟ್ಟ. ನೀರು ಕೆನ್ನೆಯ ಮೇಲೆ ಹರಿದು ಮರಳಿಗೆ ಇಳಿಯಿತು. ಮೂಗಿನ ಬಳಿ ಕೈ ಹಿಡಿದು ನೋಡಿದ ಮುದುಕ ತಲೆಯ ರುಮಾಲು ತೆಗೆದ.

"ಊಟಕ್ಕೆ ಬರ್ತೀನಿ ಅಂದಿದ್ದೆಯಲ್ಲ. ಬರಲಿಲ್ಲ. ಗಾಲಿಯ ಗುರುತು ಹಿಡಿದು ಹೊರಟೆ" ಎಂದ. "ಮೂರು ಗಂಟೆಗೆ ಜೀಪಿನ ಹತ್ತಿರ ಇದ್ದೆ. ನೀವು ಇರಲಿಲ್ಲ. ಅಷ್ಟರಲ್ಲಿ ಗಾಳಿ ಎದ್ದು ನಿಮ್ಮ ಹೆಜ್ಜೆ ಮುಚ್ಚಿಹೋಯ್ತು. ಆಗಿನಿಂದ ಹುಡುಕ್ತಾ ಇದ್ದೀನಿ."

ಮೂರು ಗಂಟೆಗೆ ಅವಳು ಇನ್ನೂ ಮಾತಾಡುತ್ತಿದ್ದಳು.

ಮುದುಕ ಚೀಲವನ್ನು ಮುರಿಗೆಪ್ಪನ ಬಾಯಿಗೆ ಹಿಡಿದ. ಅವನು ಬೇಡವೆಂದು ತಲೆ ಆಡಿಸಿದ. ಆದರೆ ನೀರು ನಾಲಿಗೆಗೆ ತಾಕಿದ್ದೇ ತಡ, ಗಂಟಲು ಅವನ ಮಾತು ಕೇಳಲಿಲ್ಲ. ಹೆಂಡತಿಯ ಹೆಣದ ಪಕ್ಕದಲ್ಲಿ ಕೂತು, ಅಳುತ್ತ, ಗಟಗಟನೆ ಕುಡಿದ.

ನೀತಿ: ಗೊತ್ತಿಲ್ಲದ ನೆಲದಲ್ಲಿ ನಮ್ಮ ಹಳೆಯ ಅನುಭವ ಸಾಲದು, ಅಲ್ಲಿ ಬಾಳಿದವರ ಮಾತು ಕೇಳಬೇಕು. ಮರಳುಗಾಡಿಗೆ ಹೋಗುವವರು ಸಾಕಷ್ಟು ನೀರು ಒಯ್ಯಿರಿ, ಹೋಗುವ ಕಡೆಯನ್ನು ಒಬ್ಬರಿಗಾದರೂ ತಿಳಿಸಿ, ಗಾಡಿ ನಿಂತರೆ ಅದನ್ನು ಬಿಟ್ಟು ಹೋಗಬೇಡಿ. ನಮ್ಮ ಅಸಡ್ಡೆಗೆ ಪ್ರಾಣ ತೆರುವವರು ಎಷ್ಟೋ ಸಲ ನಾವಲ್ಲ. ನಮ್ಮನ್ನು ನಂಬಿ ಪಕ್ಕದಲ್ಲಿ ಕೂತವರು.