ಉಡಿದಾರದ ಬೆಲೆ

ಹೊಳೆ ತಿರುಗುವ ಕಡೆ ಒಂದು ಆಶ್ರಮ. ಆಶ್ರಮ ಅಂದರೆ ಎರಡು ಗುಡಿಸಲು, ಹಿತ್ತಲಲ್ಲಿ ನಾಲ್ಕು ಸಾಲು ಹತ್ತಿ, ನೀರಿನ ಮೇಲೆ ಬಾಗಿದ ಒಂದು ಹೊಂಗೆಮರ. ಅಲ್ಲಿ ಬೊಪ್ಪಯ್ಯ ಎಂಬ ಗುರು ಇದ್ದ. ಉಡಿದಾರ ಹೊಸೆಯುವುದು ಅವನ ಕಾಯಕ.

ಶಿಷ್ಯ ಒಬ್ಬನೇ, ತಿಪ್ಪಣ್ಣ. ಮೂವತ್ತು ದಾಟಿದ ಆಳು. ಮೋಕ್ಷ ಕೇಳಿಕೊಂಡು ಬಂದವನ ಕೈಗೆ ಗುರು ನೂಲು ಕೊಟ್ಟು ಮೂರು ವರ್ಷವಾಗಿತ್ತು.

ದೂರದ ಪಟ್ಟಣದಿಂದ ದೋಣಿ ತುಂಬಿ ಬರುವ ಉಡಿದಾರ ಸಂತೆಯಲ್ಲಿ ಅರ್ಧ ಸೇರು ರಾಗಿಗೆ ಸಿಗುತ್ತಿತ್ತು. ಬೊಪ್ಪಯ್ಯನದು ಐದು ಸೇರು. ಅಂಬಿಗರು ಕೊಳ್ಳುತ್ತಿದ್ದರು. ಉಳಿದವರು ನಗುತ್ತಿದ್ದರು.

"ಸತ್ತರೆ ಉಡಿದಾರವೂ ಜೊತೆಗೆ ಬರಲ್ಲ. ಅದಕ್ಕೆ ಐದು ಸೇರಾ, ಅಜ್ಜಾ?"

"ಸಾಯೋ ತನಕ ಬರುತ್ತೆ."

"ಇದರಲ್ಲಿ ಆನೆ ಕಟ್ತೀಯೇನು?"

"ಆನೆಗೆ ಲಂಗೋಟಿ ಇಲ್ಲ."

ನಕ್ಕವರು ಸಂತೆಯ ದಾರಿ ಹಿಡಿಯುತ್ತಿದ್ದರು. ಆಶ್ರಮದ ಒಲೆ ದಿನ ಬಿಟ್ಟು ದಿನ ಉರಿಯುತ್ತಿತ್ತು.

ಹಸಿದ ಹೊಟ್ಟೆಯಲ್ಲಿ ತಿಪ್ಪಣ್ಣ ಒಂದು ದಿನ ಕೇಳಿಯೇಬಿಟ್ಟ.

"ಗುರುವೇ, ದಾರ ದಾರವೇ ಅಲ್ಲವೇ? ನಮ್ಮದಕ್ಕೆ ಯಾಕೆ ಇಷ್ಟು ಬೆಲೆ?"

ಗುರು ಎದ್ದು ಹೊಂಗೆಮರದ ಕಡೆ ನಡೆದ. ತಿಪ್ಪಣ್ಣ ಹಿಂದೆ ಹೋದ.

ಹೊಸೆದ ಪ್ರತಿ ದಾರವನ್ನೂ ಗುರು ನೀರಲ್ಲಿ ಅದ್ದಿ, ಆ ಮರದ ಕೊಂಬೆಗೆ ಕಟ್ಟಿ, ಕೆಳಗೆ ಒಂದು ಗುಂಡುಕಲ್ಲು ತೂಗುಬಿಡುತ್ತಿದ್ದ. ಮೂರು ದಿನ. ತಡೆದದ್ದು ಸೊಂಟಕ್ಕೆ. ತಡೆಯದ್ದು ಒಲೆಗೆ.

"ಹೊಸೆದದ್ದು ಎಷ್ಟು?"

"ಹತ್ತು."

"ಉಳಿದದ್ದು?"

"ಮೂರು."

"ಕಿತ್ತ ಏಳಕ್ಕೆ ಯಾರು ರಾಗಿ ಕೊಡ್ತಾರೆ?"

ತಿಪ್ಪಣ್ಣನ ಮುಖ ಸಣ್ಣದಾಯಿತು. ಕಿತ್ತ ಏಳೂ ಅವನು ಹೊಸೆದವು. ಮೂರು ವರ್ಷದಲ್ಲಿ ಅವನ ಒಂದು ದಾರವೂ ಕಲ್ಲು ತಡೆದಿರಲಿಲ್ಲ. ಒಂದೇ ಒಂದು ದಾರವೂ ಯಾರ ಸೊಂಟವನ್ನೂ ಏರಿರಲಿಲ್ಲ.

"ಮನುಷ್ಯನ ಸೊಂಟಕ್ಕೆ ಯಾರು ಗುಂಡುಕಲ್ಲು ಕಟ್ತಾರೆ, ಗುರುವೇ?"

ಗುರು ಕಿತ್ತ ದಾರವೊಂದನ್ನು ಎತ್ತಿಕೊಂಡ. ಬೆರಳಲ್ಲಿ ಸವರುತ್ತ ಹೋಗಿ, ಹುರಿ ಸಡಿಲವಾಗಿದ್ದ ಒಂದು ಕಡೆ ಬೆರಳು ನಿಲ್ಲಿಸಿದ.

"ಇಲ್ಲಿ ನೀನು ಇರಲಿಲ್ಲ," ಎಂದ.

ಮಳೆಗಾಲಕ್ಕೆ ಮುಂಚೆ ಅಗಸರ ಮಾಳವ್ವ ಬಂದಳು. ಕಂಕುಳಲ್ಲಿ ಕೂಸು, ಕಲ್ಲೇಶಿ. ಆಗಷ್ಟೇ ನಡೆ ಕಲಿತವನು. ಇಳಿಯಬೇಕೆಂದು ಅವ್ವನ ಕೂದಲು ಜಗ್ಗುತ್ತಿದ್ದ.

"ಇವನು ನಿಂತಲ್ಲಿ ನಿಲ್ಲಲ್ಲ, ಅಜ್ಜಾ. ನೀರು ಕಂಡ್ರೆ ಓಡ್ತಾನೆ. ಉಡಿದಾರಕ್ಕೆ ಹಗ್ಗ ಹಾಕಿ ಗೂಟಕ್ಕೆ ಕಟ್ಟಿ ಬಟ್ಟೆ ಒಗೀತೀನಿ. ಸಂತೆ ದಾರ ಎರಡು ಸಲ ಕಿತ್ತುಬಂತು. ನಿಮ್ಮದೊಂದು ಕೊಡಿ."

"ಐದು ಸೇರು. ಸುಗ್ಗಿ ಮೇಲೆ ಕೊಡು. ಮೂರು ದಿನ ಬಿಟ್ಟು ಬಾ."

"ಮೂರು ದಿನವೇ? ಈಗಲೇ ಒಂದು..."

"ಕಲ್ಲು ತಡೆದದ್ದು ಈಗ ಒಂದೂ ಇಲ್ಲ."

"ಅಲ್ಲಿ ತನಕ ಏನು ಮಾಡಲಿ?"

"ಬೆನ್ನಿಗೆ ಕಟ್ಟಿಕೊಂಡು ಒಗಿ."

"ಹೇಳೋದು ಸುಲಭ. ಬಗ್ಗಿ ಎದ್ದು ಮಾಡೋ ಸೊಂಟ ನನ್ನದು," ಎಂದು ಗೊಣಗಿ ಮಾಳವ್ವ ಹೊರಟಳು.

ತಿಪ್ಪಣ್ಣ ನೋಡುತ್ತಿದ್ದ. ಅವನ ಚಾಪೆಯ ಕೆಳಗೆ ನಿನ್ನೆ ಹೊಸೆದ ದಾರವೊಂದಿತ್ತು. ಇನ್ನೂ ಮರ ಕಂಡಿರಲಿಲ್ಲ. ಅದನ್ನು ತೆಗೆದು ಎರಡೂ ಕೈಯಲ್ಲಿ ಜಗ್ಗಿದ. ಕೀಳಲಿಲ್ಲ. ಇನ್ನೊಮ್ಮೆ ಜಗ್ಗಿದ. ಕೀಳಲಿಲ್ಲ.

ಕೂಸಿನ ಭಾರ ಎಷ್ಟು ಮಹಾ, ಅಂದುಕೊಂಡ.

ಓಡಿಹೋಗಿ ಹಾದಿಯಲ್ಲಿ ಅವಳನ್ನು ಹಿಡಿದ.

"ತಗೊಳ್ಳಿ, ಅಕ್ಕಾ."

"ಅಜ್ಜಯ್ಯ ಇಲ್ಲ ಅಂದರಲ್ಲ?"

"ಒಂದು ಇತ್ತು."

"ಎಷ್ಟು ಕೊಡಲಿ, ಸ್ವಾಮಿ?"

"ಇದ್ದದ್ದು ಕೊಡಿ."

ಸೆರಗಿನ ಗಂಟಲ್ಲಿ ಒಂದು ಹಿಡಿ ಹುರಿಗಡಲೆ ಇತ್ತು. ಅದನ್ನೇ ಕೊಟ್ಟಳು. ತಿಪ್ಪಣ್ಣ ತಾನೇ ಕೂತು ಕಲ್ಲೇಶಿಯ ಸೊಂಟಕ್ಕೆ ದಾರ ಕಟ್ಟಿದ. ಕೂಸು ಕಿಲಕಿಲ ನಕ್ಕು ಅವನ ಮೂಗು ಹಿಡಿಯಿತು.

ಹುರಿಗಡಲೆ ತಿನ್ನುತ್ತ ತಿಪ್ಪಣ್ಣ ಆಶ್ರಮಕ್ಕೆ ನಡೆದ. ಮೂರು ವರ್ಷದಲ್ಲಿ ಅಷ್ಟು ರುಚಿಯಾದದ್ದನ್ನು ಅವನು ತಿಂದಿರಲಿಲ್ಲ.

ಮೂರನೆಯ ದಿನ ಮಟಮಟ ಮಧ್ಯಾಹ್ನ ಹೊಳೆಯ ಕಡೆಯಿಂದ ಒಂದು ಕೂಗು ಬಂತು. ಹೆಂಗಸಿನ ಕೂಗು. ಒಂದೇ ಸಲ.

ಇಬ್ಬರೂ ಓಡಿದರು.

ಮೇಲೆಲ್ಲೋ ಮಳೆಯಾಗಿ ಹೊಸ ನೀರು ಬಂದಿತ್ತು. ಗೂಟ ಹಾಗೇ ಇತ್ತು. ಹಗ್ಗ ಹಾಗೇ ಇತ್ತು. ಹಗ್ಗದ ತುದಿಯಲ್ಲಿ ಗೇಣುದ್ದ ಉಡಿದಾರ ಇತ್ತು.

ತಿಪ್ಪಣ್ಣ ಕೂಸಿನ ಭಾರವನ್ನು ಮಾತ್ರ ಎಣಿಸಿದ್ದ. ಹೊಳೆಯ ಭಾರವನ್ನಲ್ಲ.

ಇಳಿಹೊತ್ತಿಗೆ ಅಂಬಿಗರು ಕಲ್ಲೇಶಿಯನ್ನು ಕೆಳಗಿನ ಮಡುವಿನಿಂದ ತಂದು ಮರಳ ಮೇಲೆ ಮಲಗಿಸಿದರು.

ಮಾಳವ್ವ ಅಳಲಿಲ್ಲ. ಹಗ್ಗದಿಂದ ಆ ಗೇಣುದ್ದದ ತುಂಡು ಬಿಚ್ಚಿ ತಂದು ಗುರುವಿನ ಕೈಯಲ್ಲಿಟ್ಟಳು.

"ನಿಮ್ಮ ದಾರ ಅಂತ ಬೆನ್ನು ಹಾಕಿದೆ, ಅಜ್ಜಾ," ಎಂದಳು. "ಸಂತೆ ದಾರ ಆಗಿದ್ದರೆ ಎರಡು ಏಟಿಗೊಮ್ಮೆ ತಿರುಗಿ ನೋಡ್ತಿದ್ದೆ."

ಗುರು ತುಂಡನ್ನು ಬೆರಳಲ್ಲಿ ಸವರಿದ. ಒಂದು ಕಡೆ ಬೆರಳು ನಿಂತಿತು.

"ಇದು ನಿಮ್ಮದು ತಾನೇ?"

"ಹೌದು, ತಾಯಿ. ನಮ್ಮದೇ."

ಮಣ್ಣು ಕೊಡುವ ಮುಂಚೆ ಉಡಿದಾರ ಹರಿಯಬೇಕು. ಅದು ಪದ್ಧತಿ. ಕೂಸಿನ ಅಪ್ಪ ಬಗ್ಗಿ ಸೊಂಟ ತಡವಿದ. ಹರಿಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಅವನು ಕೈ ಹಿಂದೆಗೆಯಲೂ ಆಗದೆ ಹಾಗೇ ಕುಕ್ಕರಿಸಿದ.

ಗುರು ಶಿಷ್ಯನ ಕಡೆ ತಿರುಗಿದ.

"ಮರದಲ್ಲಿ ಒಂದು ಇದೆ. ಬಿಚ್ಚಿಕೊಂಡು ಬಾ."

ತಿಪ್ಪಣ್ಣ ಹೋದ. ಹೊಂಗೆಯ ಕೊಂಬೆಯಲ್ಲಿ ಮೂರು ದಿನದಿಂದ ಒಂದು ಗುಂಡುಕಲ್ಲು ತೂಗುತ್ತಿತ್ತು. ದಾರ ಒಂದು ಬೆರಳಿನಷ್ಟೂ ಜಗ್ಗಿರಲಿಲ್ಲ. ಬಿಚ್ಚಿ ಕೈಗೆ ತೆಗೆದುಕೊಂಡ ಮೇಲೆ ಕಂಡಿತು, ಅದು ಗಿಡ್ಡ. ಕೂಸಿನ ಸೊಂಟದ ಅಳತೆ.

ಗುರು ಅದನ್ನು ಕಲ್ಲೇಶಿಗೆ ಕಟ್ಟಿದ.

ಅಪ್ಪ ಪದ್ಧತಿಯಂತೆ ಹಿಡಿದು ಎಳೆದ. ಹರಿಯಲಿಲ್ಲ. ಎರಡೂ ಕೈ ಹಾಕಿ ಎಳೆದ. ಹರಿಯಲಿಲ್ಲ. ನೆರೆದವರು ನೆಲ ನೋಡಿದರು.

ಕೊನೆಗೆ ಅಂಬಿಗನೊಬ್ಬ ಬಲೆ ಕೊಯ್ಯುವ ಕತ್ತಿ ಕೊಟ್ಟ.

ಆಶ್ರಮಕ್ಕೆ ಮರಳಿದ ಮೇಲೆ ತಿಪ್ಪಣ್ಣ ಗುರುವಿನ ಕಾಲ ಬಳಿ ಕುಸಿದ.

"ಅದು ನಾನು ಕೊಟ್ಟದ್ದು."

"ಗೊತ್ತು."

"ನೀವು ನಮ್ಮದು ಅಂದಿರಿ."

"ಅಲ್ಲವೇ?"

"ನನ್ನನ್ನು ಹೊರಗೆ ಹಾಕಿ, ಗುರುವೇ."

"ಹೊರಗೆ ಹೋಗಿ ಏನು ಮಾಡ್ತೀಯ?"

ತಿಪ್ಪಣ್ಣನ ಬಾಯಿಯಲ್ಲಿ ಹುರಿಗಡಲೆಯ ರುಚಿ ಇನ್ನೂ ಇತ್ತು. ಎಷ್ಟು ಉಗುಳಿದರೂ ಹೋಗಲಿಲ್ಲ.

"ಏನು ಮಾಡಿದರೆ ಇದು ತೀರುತ್ತದೆ?"

"ತೀರಲ್ಲ."

ಗುರು ಆ ಗೇಣುದ್ದದ ತುಂಡನ್ನು ಶಿಷ್ಯನ ಅಂಗೈಯಲ್ಲಿಟ್ಟ. ಇನ್ನೊಂದು ಅಂಗೈಯಲ್ಲಿ ನೂಲಿನ ಉಂಡೆ ಇಟ್ಟ. ಗೋಡೆಗೆ ಮುಖ ಮಾಡಿ ಮಲಗಿದ.

ಎರಡು ಸುಗ್ಗಿ ಕಳೆದವು. ತಿಪ್ಪಣ್ಣ ಹೊಸೆದ. ಹೊಸೆದದ್ದು ಕಿತ್ತಿತು. ಒಲೆಗೆ ಹಾಕಿದ. ಮತ್ತೆ ಹೊಸೆದ. ಮಾತು ಕಡಿಮೆಯಾಯಿತು. ಮೋಕ್ಷದ ವಿಷಯ ಅವನು ಮತ್ತೆ ಎತ್ತಲಿಲ್ಲ.

ಮಾಳವ್ವ ಅದೇ ಕಲ್ಲಿನ ಮೇಲೆ ಒಗೆಯುತ್ತಿದ್ದಳು. ಅವಳ ಹಿಂದೆ ಬರೀ ಗೂಟ. ಎರಡು ಏಟಿಗೊಮ್ಮೆ ತಿರುಗಿ ನೋಡುತ್ತಿದ್ದಳು.

ಒಂದು ಬೆಳಗ್ಗೆ ತಿಪ್ಪಣ್ಣ ಮರದ ಬಳಿ ಹೋದಾಗ ಅವನ ದಾರ ಕಲ್ಲು ಹಿಡಿದುಕೊಂಡೇ ಇತ್ತು. ಮೂರು ದಿನ ತುಂಬಿತ್ತು. ಅವನು ಅದನ್ನು ತುಂಬ ಹೊತ್ತು ನೋಡಿದ. ಸಂತೋಷವಾಗಲಿಲ್ಲ.

ಬಿಚ್ಚಿ ತಂದಾಗ ಬಾಗಿಲಲ್ಲಿ ಸಂತೆಗೆ ಹೊರಟ ಒಬ್ಬ ಕೂತಿದ್ದ. ಹೊಸದಾಗಿ ಅಪ್ಪನಾದವನು.

"ಅದನ್ನ ಕೊಡಿ, ಸ್ವಾಮಿ. ಎಷ್ಟು?"

ತಿಪ್ಪಣ್ಣ ದಾರವನ್ನು ತುದಿಯಿಂದ ತುದಿಗೆ ಬೆರಳಲ್ಲಿ ಸವರಿದ.

"ಏನು ಸ್ವಾಮಿ, ಬೆಲೆ ನೆನಪಿಲ್ಲವೇ?" ಆಸಾಮಿ ನಕ್ಕ. "ಸಂತೆಯಲ್ಲಿ ಅರ್ಧ ಸೇರು. ನಿಮ್ಮದಂತೂ ಬಲು ದುಬಾರಿ ಅಂತ ಕೇಳಿದೀನಿ."

ತಿಪ್ಪಣ್ಣ ಗುರುವಿನ ಕಡೆ ತಿರುಗಿದ.

"ಎಷ್ಟು ಹೇಳಲಿ, ಗುರುವೇ?"

ಗುರು ನೂಲಿನಿಂದ ಕಣ್ಣೆತ್ತಲಿಲ್ಲ.

"ಐದು ಸೇರು ಹೇಳು. ಉಳಿದದ್ದನ್ನು ಮಾಳವ್ವ ಕೊಟ್ಟಾಗಿದೆ."